ಮಾಳಪ್ಪನ ರಕ್ತದಲ್ಲಿ ಇದ್ದದ್ದು

ಹುಲಿಗೆವ್ವ ತನ್ನ ಗಂಡನಿಗೆ ಮದ್ದು ಹಾಕಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಗುರುಗುಂಟಾದ ಅವಳ ಮನೆಯ ಅಂಗಳದಲ್ಲಿ, ಅವಳ ಅತ್ತೆ, ಮೈದುನ, ಊರ ಹಿರಿಯರು ಎಲ್ಲರಿಗೂ ಕೇಳಿಸುವ ಹಾಗೆ ನಾನು ಒಂದು ಸುಳ್ಳು ಹೇಳಿದೆ. ಆ ಸುಳ್ಳು ಅವಳನ್ನು ಮಗುವಿನ ಸಮೇತ ಹೊರಗೆ ಹಾಕಿತು.

ಊಟದಲ್ಲಿ ವಿಷ ಬೆರೆಸಿ ಕೊಡುವುದಕ್ಕೆ ನಮ್ಮ ಕಡೆ ಮದ್ದು ಹಾಕುವುದು ಎನ್ನುತ್ತಾರೆ. ಗಟ್ಟಿಮುಟ್ಟಾದ ಗಂಡಸು ಜಡ್ಡಿಲ್ಲ ಜಾಪತ್ರಿಯಿಲ್ಲ, ಒಮ್ಮೆಲೇ ಸತ್ತುಬಿಟ್ಟರೆ ಜನರ ಕಣ್ಣು ಮೊದಲು ಹೋಗುವುದು ಅವನಿಗೆ ಬಡಿಸಿದವಳ ಕಡೆಗೆ. ಆ ದಿನ ಆ ಕಣ್ಣುಗಳನ್ನು ಬೇರೆ ಕಡೆ ತಿರುಗಿಸಬಲ್ಲವನು ಇಡೀ ಊರಿನಲ್ಲಿ ನಾನೊಬ್ಬನೇ. ಯಾಕೆಂದರೆ ಅವಳ ಗಂಡನ ರಕ್ತವನ್ನು ಕೈಯಾರೆ ತೆಗೆದು, ಕೈಯಾರೆ ಪರೀಕ್ಷೆ ಮಾಡಿದವನು ನಾನು. ಅದರಲ್ಲಿ ಏನಿತ್ತು ಎಂಬುದು — ಬೇಡ, ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಹೇಳಿದರೆ ನನ್ನ ತಪ್ಪು ಇದ್ದುದಕ್ಕಿಂತ ಸಣ್ಣದಾಗಿ ಕಾಣುತ್ತದೆ.

ನಾನು ಮಸ್ಕಿಯವನು. ನಮ್ಮಪ್ಪನದು ಕಿರಾಣಿ ಅಂಗಡಿ, ಜೊತೆಗೆ ತುಪ್ಪದ ವ್ಯಾಪಾರ. ಗುರುಗುಂಟಾ ಕಡೆಯ ಕುರಿಗಾರರು ಸಂತೆಗೆ ಬೆಣ್ಣೆ, ತುಪ್ಪ ತಂದು ನಮ್ಮ ಅಂಗಡಿಗೇ ಹಾಕುತ್ತಿದ್ದರು. ಹಾಗೆ ಬರುತ್ತಿದ್ದ ಒಬ್ಬನ ಮಗ ಮಾಳಪ್ಪ. ಓದಲಿ ಎಂದು ಅವನನ್ನು ಮಸ್ಕಿಯ ಸಂಬಂಧಿಕರ ಮನೆಯಲ್ಲಿ ಇಟ್ಟಿದ್ದರು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕೂತವರು. ಅವನು ನನ್ನನ್ನು ಶರಣ್ಯಾ ಅನ್ನುತ್ತಿದ್ದ, ಕೊನೆಯವರೆಗೂ ಹಾಗೇ ಅಂದ. ನಾನು ಕೋಟು ಹಾಕಿಕೊಂಡು, ಹೈದರಾಬಾದಿನ ಡಿಗ್ರಿ ಹಿಡಿದುಕೊಂಡು ಬಂದ ಮೇಲೂ ಅವನ ಬಾಯಲ್ಲಿ ಶರಣಬಸಪ್ಪನವರು ಆಗಲಿಲ್ಲ. ನಾವು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವನ ಅಪ್ಪ ಹೊಲದಲ್ಲಿ ಕುರಿಗಳ ನಡುವೆ ಕೂತವನು ಮತ್ತೆ ಏಳಲಿಲ್ಲ. ವಯಸ್ಸಾಗಿರಲಿಲ್ಲ. ಮಾಳಪ್ಪ ಪಾಟಿ ಬಿಟ್ಟು ಕೋಲು ಹಿಡಿದ. ಅವನ ತಮ್ಮ ಬೀರಪ್ಪ ಆಗಿನ್ನೂ ತಾಯಿಯ ಸೆರಗು ಹಿಡಿದು ಓಡಾಡುತ್ತಿದ್ದ ಹುಡುಗ.

ನಾನು ಮಾತ್ರ ಓದುತ್ತ ಹೋದೆ. ಓದಿದ್ದು ರಸಾಯನ. ಕಡೆಗೆ ಒಂದು ದೂರದ ಪಟ್ಟಣದ ಸಂಶೋಧನಾಲಯದಲ್ಲಿ ಕೆಲಸ ಸಿಕ್ಕಿತು. ಮಾಂಸ, ಹಾಲು, ತುಪ್ಪ, ಮೊಟ್ಟೆ ಇಂಥ ಪ್ರಾಣಿಜನ್ಯ ಆಹಾರಗಳಲ್ಲಿ ಎಂಥ ಕೊಬ್ಬು ಇದೆ, ಕೊಲೆಸ್ಟರಾಲ್ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ತುಪ್ಪ ತೂಗುವವನ ಮಗ ತುಪ್ಪವನ್ನು ನಳಿಕೆಯಲ್ಲಿ ಹಾಕಿ ತೂಗತೊಡಗಿದ. ಅರವತ್ತರ ದಶಕದ ಆ ದಿನಗಳಲ್ಲಿ ಹೊರದೇಶದವರು ಅದನ್ನೇ ದೊಡ್ಡದಾಗಿ ಬರೆಯುತ್ತಿದ್ದರು. ಪ್ರಾಣಿಗಳ ಕೊಬ್ಬು ತಿಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ, ಅದು ನಾಳಗಳ ಒಳಗೆ ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿಕೊಳ್ಳುತ್ತದೆ, ಒಂದು ದಿನ ಗುಂಡಿಗೆಗೆ ಹೋಗುವ ದಾರಿ ಮುಚ್ಚುತ್ತದೆ ಎಂದು. ನನಗೆ ಒಂದು ಪ್ರಶ್ನೆ ಎದ್ದಿತು. ನಮ್ಮ ಗುರುಗುಂಟಾದ ಕುರಿಗಾರರು ಹುಟ್ಟಿದಾಗಿನಿಂದ ಹಾಲು, ಬೆಣ್ಣೆ, ಸತ್ತ ಕುರಿ, ಕೊಯ್ದ ಕುರಿ ತಿಂದುಕೊಂಡೇ ಬಂದವರು. ದಿನವಿಡೀ ನಡೆಯುವವರು. ಅವರ ರಕ್ತ ಏನು ಹೇಳುತ್ತದೆ?

ನಮ್ಮ ವಿಭಾಗದ ಮುಖ್ಯಸ್ಥರು ಮೊದಲು ನಕ್ಕರು. ರಾಯಚೂರಿನ ಬಿಸಿಲಿನಲ್ಲಿ ರಕ್ತ ತೆಗೆದು ಇಲ್ಲಿಗೆ ತರುವುದರೊಳಗೆ ಅದು ಸಾರಾಗಿರುತ್ತದೆ ಅಂದರು. ಆ ನಗು ನನಗೆ ಚುಚ್ಚಿತು. ಹಳ್ಳಿಯಿಂದ ಬಂದವನ ಕೈ ಶುದ್ಧವಲ್ಲ ಎಂದು ಅವರು ಅಂದ ಹಾಗೆ ಕೇಳಿಸಿತು. ಅವರು ಹಾಗೆ ಅನ್ನಲಿಲ್ಲ. ಆದರೆ ನಾನು ಹಾಗೇ ಕೇಳಿಸಿಕೊಂಡೆ, ಮತ್ತು ಮುಂದೆ ಮಾಡಿದ್ದನ್ನೆಲ್ಲ ಆ ಕೇಳಿಸಿಕೊಂಡದ್ದರ ಮೇಲೇ ಮಾಡಿದೆ.

ರಜೆ ಹಾಕಿ ಊರಿಗೆ ಬಂದೆ. ಕಾಲುವೆಯ ನೀರು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಸಿಂಧನೂರಿನ ಸುತ್ತ ಆಂಧ್ರದಿಂದ ಬಂದವರು ಕ್ಯಾಂಪು ಕಟ್ಟಿಕೊಂಡು ಭತ್ತ ಹಾಕುತ್ತಿದ್ದರು. ಜೋಳ ಬೆಳೆಯುತ್ತಿದ್ದ ಕರಿ ಹೊಲ ಕೆಸರಾಗಿತ್ತು. ಮೊದಲು ಸಿಂಧನೂರಿನ ಮಟನ್ ಅಂಗಡಿಗಳಿಂದ ಮಾಂಸ, ಕಲೀಜಿ, ಮಿದುಳು, ಕೊಬ್ಬು ತೆಗೆದುಕೊಂಡೆ. ರಾಯಚೂರಿನಿಂದ ಬಸ್ಸಿನಲ್ಲಿ ಕಟ್ಟಿಗೆ ಹೊಟ್ಟಿನೊಳಗೆ ಹುಗಿದು ತರಿಸಿದ ಬರ್ಫದಲ್ಲಿ ಅವನ್ನು ಇಟ್ಟೆ. ಲಿಂಗಪೂಜೆಯಿಲ್ಲದೆ ನೀರು ಮುಟ್ಟದ ನಮ್ಮಪ್ಪ ನನ್ನ ಪೆಟ್ಟಿಗೆಯನ್ನು ಹೊಸ್ತಿಲು ದಾಟಿಸಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕೈಯಲ್ಲಿ ಕಲೀಜಿ ಹಿಡಿಯುವ ವಿದ್ಯೆ ಎಂಥದು ಎಂದು ಕೇಳಿದರು. ಸತ್ಯ ತಿಳಿಯುವ ವಿದ್ಯೆ ಅಂದೆ. ಹಾಗೆ ಅಂದ ಬಾಯಿ ಇದೇ.

ಆಮೇಲೆ ಗುರುಗುಂಟಾಕ್ಕೆ ಹೋದೆ. ಮಾಂಸ ಕೊಳ್ಳಬಹುದು, ರಕ್ತ ಕೊಳ್ಳಲಾಗುವುದಿಲ್ಲ. ಸೂಜಿ ಕಂಡದ್ದೇ ಗಂಡಸರು ಕುರಿ ಹೊಡೆದುಕೊಂಡು ಗುಡ್ಡದ ಕಡೆ ನಡೆದರು. ರಕ್ತ ತೆಗೆದರೆ ಗಂಡಸುತನ ಹೋಗುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಮಾಳಪ್ಪ ಅವರನ್ನೆಲ್ಲ ತಿರುಗಿ ಕರೆತಂದ. ಕಟ್ಟೆಯ ಮೇಲೆ ಕೂತು ಅಂಗಿಯ ತೋಳು ಮೇಲಕ್ಕೆ ಸರಿಸಿದ.

“ಮೊದಲ ನಂದು ತಗೋಲೇ ಶರಣ್ಯಾ. ನಾ ಸತ್ರ ಇವರು ಕೊಡೂದು ಬ್ಯಾಡ,” ಅಂದ.

ಎಲ್ಲರೂ ನಕ್ಕರು. ಒಬ್ಬೊಬ್ಬರೇ ಬಂದು ಕೂತರು. ಮಾಳಪ್ಪನ ಹೆಂಡತಿ ಹುಲಿಗೆವ್ವ ಒಲೆ ಹೊತ್ತಿಸಿ ನನ್ನ ಸೂಜಿಗಳನ್ನು ಕುದಿಸಿ ಕೊಟ್ಟಳು. ಸೊಂಟದ ಮೇಲೆ ಮಗಳು ನಿಂಗವ್ವ. ಅವತ್ತು ಮಾಳಪ್ಪ ಕಾಲು ಚಾಚಿ ಕೂತಿದ್ದಾಗ ಹಿಮ್ಮಡಿಯ ಮೇಲಿನ ಸ್ನಾಯುವಿನಲ್ಲಿ ನೆಲ್ಲಿಕಾಯಿಯಂಥ ಗಟ್ಟಿ ಗಂಟು ಕಂಡೆ. ಮೊಣಕೈಯಲ್ಲೂ ಅಂಥದೇ. ನೋವೇನು ಎಂದು ಕೇಳಿದೆ. ಕುರಿ ಹಿಂದೆ ತಿರುಗಿದ್ದಕ್ಕೆ ದೇವರು ಕೊಟ್ಟ ಇನಾಮು ಅಂದ. ಸರಿ, ನಡೆದು ನಡೆದು ಜಡ್ಡುಗಟ್ಟಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಅವನು ಒಂದು ಮಾತು ಕೇಳಿದ. ರಕ್ತದಲ್ಲಿ ಏನು ಕಂಡರೂ ತಿರುಗಿ ಬಂದು ಹೇಳಬೇಕು, ಒಯ್ದು ಸುಮ್ಮನೆ ಕೂತರೆ ಈ ಮಂದಿಗೆ ತಾನು ಮುಖ ತೋರಿಸುವ ಹಾಗಿಲ್ಲ ಎಂದು. ನಾನು ಅವನ ಅಂಗೈಗೆ ಅಂಗೈ ತಟ್ಟಿ ಮಾತು ಕೊಟ್ಟೆ.

ಲಿಂಗಸುಗೂರಿಗೆ ಬಂದು ಒಬ್ಬ ಪರಿಚಯದ ಡಾಕ್ಟರ ಕೋಣೆಯಲ್ಲಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ರಕ್ತವನ್ನು ಗಿರಗಿರ ತಿರುಗಿಸಿ, ಮೇಲಿನ ತಿಳಿಯನ್ನು ಬೇರೆ ಮಾಡಿದೆ. ಭುಜ ಬಿದ್ದುಹೋಗುವಷ್ಟು ತಿರುಗಿಸಿದೆ. ಬರ್ಫದ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹೋದೆ. ಒಂದು ತೊಟ್ಟೂ ಕೆಡಲಿಲ್ಲ. ಇದನ್ನು ಹೇಳುವುದು ಜಂಬಕ್ಕಲ್ಲ. ಆ ರಕ್ತ ಸರಿಯಾಗಿತ್ತು, ನನ್ನ ಕೆಲಸ ಸರಿಯಾಗಿತ್ತು — ಅದೇ ನನ್ನನ್ನು ಹಿಡಿದುಹಾಕುವ ಸಾಕ್ಷಿ.

ಆ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಇದ್ದಷ್ಟು ಬಣ್ಣ ಹಸಿರಾಗುತ್ತದೆ. ಸಾಲಾಗಿ ಇಟ್ಟ ನಳಿಕೆಗಳಲ್ಲಿ ಎಲ್ಲವೂ ಎಳೆ ಹಸಿರು. ನನ್ನ ಎದೆ ಹಿಗ್ಗಿತು. ಕೊಬ್ಬು ತಿನ್ನುವ, ಆದರೆ ನಡೆಯುವ ನಮ್ಮ ಜನರ ರಕ್ತ ತಿಳಿಯಾಗಿದೆ! ಹೊರದೇಶದವರು ಹೇಳಿದ್ದು ಪೂರ್ತಿ ಕಥೆಯಲ್ಲ! ಹಾಗೆ ಅಂದುಕೊಳ್ಳುತ್ತಿರುವಾಗಲೇ ಒಂದು ನಳಿಕೆ ಮಾತ್ರ ಕಪ್ಪಾಗುವಷ್ಟು ಹಸಿರಾಯಿತು. ಮಾಳಪ್ಪನದು.

ಎಲ್ಲೋ ಕೈ ತಪ್ಪಿತು ಎಂದು ಮತ್ತೆ ಮಾಡಿದೆ. ಹಾಗೇ ಬಂತು. ಉಳಿದ ತಿಳಿಯಲ್ಲಿ ಇನ್ನೊಮ್ಮೆ ಮಾಡಿದೆ. ಹಾಗೇ ಬಂತು. ಉಳಿದವರಿಗಿಂತ ಎರಡು ಪಾಲು, ಮೂರು ಪಾಲು ಹೆಚ್ಚು. ಹಿಂದಿನ ದಿನ ತುಪ್ಪ ಹೆಚ್ಚು ತಿಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ದಿನದ ತುಪ್ಪಕ್ಕೆ ಅಷ್ಟು ಏರುವುದಿಲ್ಲ ಎಂಬುದನ್ನು ನನ್ನಷ್ಟು ಚೆನ್ನಾಗಿ ಆ ಕಟ್ಟಡದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ದೊಡ್ಡ ಸಭೆಯಲ್ಲಿ ಇದನ್ನು ಓದುವ ದಿನ ಹತ್ತಿರ ಬಂದಿತ್ತು. ಈ ಒಂದು ಸಂಖ್ಯೆ ತೋರಿಸಿದರೆ ಮುಖ್ಯಸ್ಥರು ಏನನ್ನುತ್ತಾರೆ ಎಂದು ಯೋಚಿಸಿದೆ. ನೋಡಿದೆಯಾ, ಬಿಸಿಲಿಗೆ ಕೆಟ್ಟಿದೆ. ಇದೊಂದು ಕೆಟ್ಟಿದ್ದರೆ ಉಳಿದವು ಯಾಕೆ ಸರಿ ಇದ್ದಾವು — ಹೀಗೆ ಅಂದರೆ? ನನ್ನ ಎಲ್ಲ ಶ್ರಮ ಒಂದು ನಳಿಕೆಯಿಂದ ಕೊಚ್ಚಿ ಹೋಗುತ್ತಿತ್ತು. ಹೆದರಿದೆ ಎಂದು ಹೇಳಿದರೆ ಅರ್ಧ ಸತ್ಯ. ಆಸೆಯೂ ಇತ್ತು. ಕಲೆಯಿಲ್ಲದ ಬಿಳಿ ಬಟ್ಟೆಯಂಥ ಒಂದು ಫಲಿತಾಂಶದ ಆಸೆ. ಮಾಳಪ್ಪನನ್ನು ಬಿಟ್ಟು ಬರೆದೆ. ಎಲ್ಲ ಸರಿಯಾಗಿದೆಯೇ ಎಂದು ಮುಖ್ಯಸ್ಥರು ಕೇಳಿದಾಗ ಸರಿಯಾಗಿದೆ ಸರ್ ಅಂದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಲೇಖನ ಅಚ್ಚಾಯಿತು. ಕುರಿಗಾರರ ರಕ್ತದ ಶರಣಬಸಪ್ಪ ಎಂದು ನಾಲ್ಕು ಜನ ಗುರುತಿಸುವಂತಾಯಿತು.

ಇಷ್ಟಕ್ಕೇ ನಿಂತಿದ್ದರೆ ಅದನ್ನು ಒಬ್ಬ ಎಳೆಯ ವಿಜ್ಞಾನಿಯ ಅವಸರ ಅನ್ನಬಹುದಿತ್ತು. ನಿಲ್ಲಲಿಲ್ಲ.

ಲೇಖನ ಬಂದ ಮೇಲೆ, ಗ್ರಂಥಾಲಯದಲ್ಲಿ ಕೂತು ಬೇರೆ ಏನನ್ನೋ ಹುಡುಕುತ್ತಿದ್ದಾಗ, ಒಂದು ಪುಟದಲ್ಲಿ ಕಾಲಿನ ಚಿತ್ರ ಕಂಡೆ. ಹಿಮ್ಮಡಿಯ ಮೇಲೆ ನೆಲ್ಲಿಕಾಯಿಯಂಥ ಗಂಟು. ಕೆಲವು ಮನೆತನಗಳಲ್ಲಿ ಏನು ತಿಂದರೂ, ತಿನ್ನದಿದ್ದರೂ, ಹುಟ್ಟಿನಿಂದಲೇ ರಕ್ತದಲ್ಲಿ ಕೊಲೆಸ್ಟರಾಲ್ ಮಿತಿಮೀರಿ ಇರುತ್ತದೆ; ಅದು ಸ್ನಾಯುಗಳ ತುದಿಯಲ್ಲಿ ಗಂಟಾಗಿ ಕೂರುತ್ತದೆ; ಅಪ್ಪನಿಂದ ಮಕ್ಕಳಿಗೆ ಇಳಿಯುತ್ತದೆ; ಅಂಥ ಗಂಡಸರು ನಡುವಯಸ್ಸಿಗೆ ಮೊದಲೇ ಇದ್ದಕ್ಕಿದ್ದಂತೆ ಸಾಯುತ್ತಾರೆ. ಓದುತ್ತ ಓದುತ್ತ ಕುರಿಗಳ ನಡುವೆ ಕೂತಲ್ಲೇ ಸತ್ತ ಆ ಅಪ್ಪ ಕಣ್ಣೆದುರು ಬಂದ.

ಅವತ್ತೇ ಹೊರಡಬೇಕಿತ್ತು. ಹೊರಡಲಿಲ್ಲ. ಹೇಳಿದರೂ ಅದಕ್ಕೆ ಆಗ ಗಟ್ಟಿ ಔಷಧಿ ಎಲ್ಲಿತ್ತು ಎಂದು ಮುಂದೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜ. ಆದರೆ ನಾನು ಸುಮ್ಮನಿದ್ದದ್ದು ಔಷಧಿ ಇಲ್ಲವೆಂದಲ್ಲ. ಅವನಿಗೆ ಹೇಳಿದರೆ ಅವನು ಇನ್ನೊಬ್ಬ ಡಾಕ್ಟರ ಬಳಿ ಹೋಗುತ್ತಾನೆ, ಆ ಡಾಕ್ಟರು ರಕ್ತ ನೋಡುತ್ತಾರೆ, ಹಾಗಾದರೆ ಅಚ್ಚಾದ ಲೇಖನದಲ್ಲಿ ಈತ ಎಲ್ಲಿ ಎಂದು ಯಾರೋ ಕೇಳುತ್ತಾರೆ — ಇಷ್ಟು ದೂರ ಲೆಕ್ಕ ಹಾಕಿ ಸುಮ್ಮನಾದೆ.

ಮುಂದೆ ನನ್ನ ತಂಗಿಯ ಮದುವೆಗೆ ಮಸ್ಕಿಗೆ ಹೋದಾಗ ಮಾಳಪ್ಪ ಬಂದಿದ್ದ. ತಾನೇ ನೂತು ನೇಯ್ದ ಕರಿ ಕಂಬಳಿಯೊಂದನ್ನು ಮುಯ್ಯಿ ತಂದಿದ್ದ. ಕಾಲುವೆಯ ಏರಿ ಹತ್ತುವಾಗ ಎದೆ ಯಾರೋ ಹಿಡಿದು ಹಿಂಡಿದ ಹಾಗೆ ಆಗುತ್ತದೆ, ನಿಂತರೆ ಹೋಗುತ್ತದೆ ಅಂದ. ಆಮೇಲೆ ಕೇಳಿದ.

“ನಮ್ಮ ರಕ್ತ ಏನಂತಲೇ? ನೀ ಬಂದು ಹೇಳ್ತೀನಿ ಅಂದಿದ್ದಿ. ಮಂದಿ ಕೇಳಾಕತ್ತಾರ.”

“ಎಲ್ಲಾರದೂ ಚಲೋ ಐತಿ. ನೀ ಬೀಡಿ ಕಡಿಮಿ ಮಾಡು,” ಅಂದೆ.

ಅವನಿಗೆ ಖುಷಿಯಾಯಿತು. ಊರಿಗೆ ಹೋಗಿ ಎಲ್ಲರಿಗೂ ಹೇಳುತ್ತೇನೆ ಅಂದ. ಹೇಳಿಯೂ ಹೇಳಿದ.

ಮುಂದಿನ ಬೇಸಿಗೆಯಲ್ಲಿ ಬಳಗಾನೂರಿನ ಹತ್ತಿರ, ಭತ್ತ ಕೊಯ್ದ ಒಬ್ಬರ ಗದ್ದೆಯಲ್ಲಿ ಗೊಬ್ಬರಕ್ಕೆಂದು ಮಾಳಪ್ಪ ಕುರಿ ತರುಬಿ ನಿಲ್ಲಿಸಿದ್ದ. ಹುಲಿಗೆವ್ವ ಬುತ್ತಿ ತಂದುಕೊಟ್ಟಳು. ರೊಟ್ಟಿ, ಪುಂಡಿಪಲ್ಯ ಉಂಡು, ಕೈ ತೊಳೆದು, ಕಾಲುವೆ ಏರಿ ಹತ್ತುತ್ತ ಹತ್ತುತ್ತ ಕುಸಿದ. ಅವಳು ಓಡಿ ಹೋಗುವುದರೊಳಗೆ ಮುಗಿದಿತ್ತು.

ನಾನು ರಜೆಗೆಂದು ಮಸ್ಕಿಯಲ್ಲಿಯೇ ಇದ್ದೆ. ಸುದ್ದಿ ಅಂಗಡಿಗೆ ಬಂತು. ಗುರುಗುಂಟಾಕ್ಕೆ ಹೋಗುವಾಗ ಬಸ್ಸಿನಲ್ಲಿ ಕೂತವರ ಬಾಯಲ್ಲೇ ಆ ಮಾತು ಕೇಳಿದೆ: ಹೆಂಡತಿ ಮದ್ದು ಹಾಕ್ಯಾಳ. ಉಂಡು ಎದ್ದವನು ಹತ್ತು ಹೆಜ್ಜೆ ನಡೆಯಲಿಲ್ಲವಂತೆ. ಕ್ಯಾಂಪಿನವನೊಬ್ಬನ ಕಡೆ ಹೋಗಿ ಬಂದು ಮಾಡುತ್ತಿದ್ದಳಂತೆ. ಅಂತೆ, ಅಂತೆ, ಅಂತೆ.

ಮಣ್ಣು ಮಾಡಿ ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದರು. ತಾಯಿ ಗೋಡೆಗೆ ಒರಗಿದ್ದಳು. ಬೀರಪ್ಪ ಈಗ ಮೀಸೆ ಬಂದ ಗಂಡಸು. ಅಣ್ಣನನ್ನು ಕಳೆದುಕೊಂಡ ಸಿಟ್ಟಿಗೆ ಕಣ್ಣು ಕೆಂಪಾಗಿದ್ದವು. ಅಣ್ಣನಿಗೆ ಒಂದು ದಿನ ಜ್ವರ ಬಂದದ್ದನ್ನು ಯಾರಾದರೂ ಕಂಡಿದ್ದೀರಾ ಎಂದು ಎಲ್ಲರನ್ನೂ ಕೇಳುತ್ತಿದ್ದ. ಹುಲಿಗೆವ್ವ ಮಗುವನ್ನು ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದು ಬಂದಳು. ಮುಳುಗುವವರು ದಡ ಕಂಡಾಗ ಮುಖ ಹೇಗಾಗುತ್ತದೆ ಎಂಬುದನ್ನು ನಾನು ಅವತ್ತು ನೋಡಿದೆ.

“ಅಣ್ಣಾರ, ನೀವು ಅವರ ರಕ್ತ ನೋಡೀರಿ. ಅದ್ರಾಗ ಏನರ ಜಡ್ಡು ಇತ್ತೇನ್ರಿ? ಇದ್ರ ಇವರ ಮುಂದ ಹೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಗಂಟಿನ ಮಾತು, ಹಸಿರಿನ ಮಾತು, ಅಪ್ಪನ ಸಾವಿನ ಮಾತು ಎಲ್ಲವೂ ಗಂಟಲಿಗೆ ಬಂತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆಯೂ ಬಂತು. ಗೊತ್ತಿದ್ದರೆ ಮದುವೆಯ ದಿನ ಚಲೋ ಐತಿ ಎಂದು ಯಾಕೆ ಹೇಳಿದೆ? ಬೀರಪ್ಪನ ಆ ಕೆಂಪು ಕಣ್ಣು ಆಗ ಯಾರ ಕಡೆಗೆ ತಿರುಗುತ್ತದೆ?

“ಏನೂ ಇದ್ದಿಲ್ಲವ್ವಾ. ಚಲೋನ ಇತ್ತು,” ಅಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಅಳಲಿಲ್ಲ. ಬೀರಪ್ಪ ಹಿರಿಯರ ಕಡೆ ನೋಡಿ, ಕೇಳಿದ್ರಲ್ಲ ಅಂದ. ಅಷ್ಟೇ. ಬೇರೆ ವಿಚಾರಣೆ ಆಗಲಿಲ್ಲ. ಓದಿದವರು ಹೇಳಿದ ಮೇಲೆ ಇನ್ನೇನು ಎಂದು ಒಬ್ಬರು ಅಂದದ್ದು ನನ್ನ ಕಿವಿಗೆ ಬಿತ್ತು. ಸತ್ತವನ ದಿನದ ಕಾರ್ಯ ಮುಗಿದ ಮೇಲೆ ಅವಳನ್ನು ಉಟ್ಟ ಸೀರೆಯಲ್ಲಿ ಹೊರಗೆ ಕಳಿಸಿದರು. ಒಂದು ಕುರಿಮರಿಯನ್ನೂ ಕೊಡಲಿಲ್ಲ. ತವರಿನವರು ಹೆದರಿ ಬಾಗಿಲು ಹಾಕಿಕೊಂಡರು. ಬಳಗಾನೂರಿನ ಕಡೆಯ ಒಂದು ಕ್ಯಾಂಪಿನಲ್ಲಿ ಭತ್ತದ ನಾಟಿಗೆ ಹೋಗುತ್ತಾಳೆ ಎಂದು ನಮ್ಮಪ್ಪ ಯಾವಾಗಲೋ ಹೇಳಿದರು. ಕೇಳಿ ನನಗೆ ಆದದ್ದು ಏನು ಗೊತ್ತೆ? ಸಮಾಧಾನ. ಹೇಗೋ ದಾರಿ ಮಾಡಿಕೊಂಡಳಲ್ಲ ಎಂಬ ಸಮಾಧಾನ. ನನ್ನ ಬಗ್ಗೆ ನನಗೆ ಹೆಚ್ಚು ಅಸಹ್ಯ ಹುಟ್ಟಿಸುವುದು ಆ ಸುಳ್ಳಿಗಿಂತ ಈ ಸಮಾಧಾನ.

ವರ್ಷಗಳು ಕಳೆದವು. ಬಡ್ತಿ ಬಂತು. ಆಹಾರದ ಕೊಬ್ಬಿನ ಬಗ್ಗೆ ಎಲ್ಲಿ ಸಭೆಯಾದರೂ ನನ್ನನ್ನು ಕರೆದರು. ಎಪ್ಪತ್ತರ ದಶಕ ಅರ್ಧ ದಾಟಿದ್ದಾಗ ಒಮ್ಮೆ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಣ್ಣಾರ ಎಂದು ಕರೆದರು. ಹುಲಿಗೆವ್ವ. ತಲೆಯಲ್ಲಿ ಬಿಳಿಗೂದಲು, ಕೆಸರಿನಲ್ಲಿ ನಿಂತು ನಿಂತು ಬಿರಿದ ಕಾಲು. ಪಕ್ಕದಲ್ಲಿ ಎತ್ತರದ ಹುಡುಗಿ. ಓಡಿಹೋಗಬೇಕು ಅನ್ನಿಸಿತು. ಅವಳು ಬೈಯಲಿಲ್ಲ. ನಮ್ಮಪ್ಪನ ಆರೋಗ್ಯ ಕೇಳಿದಳು. ಮಗಳಿಗೆ, ಇವರು ನಿಮ್ಮಪ್ಪನ ದೋಸ್ತರು, ಕಾಲಿಗೆ ಬೀಳು ಅಂದಳು. ನಿಂಗವ್ವ ಬಗ್ಗಿದಳು. ನಾನು ಹಿಂದೆ ಸರಿದೆ.

ಏನೋ ಕೇಳಬೇಕೆಂದು ಊಟವಾಯಿತೇ ಎಂದು ಕೇಳಿದೆ. ಮಗಳೇ ಅಡಿಗೆ ಮಾಡುವುದು ಅಂದಳು. ಚಿಕ್ಕಂದಿನಿಂದ ಅವಳೇ ಮಾಡುತ್ತಾಳೆ, ತಾನು ಒಲೆಯ ಮುಂದೆ ಕೂರುವುದಿಲ್ಲ ಎಂದಳು. ಯಾಕೆ ಎಂದೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದಳು.

“ರಕ್ತದಾಗ ಏನೂ ಇದ್ದಿಲ್ಲ ಅಂದ್ರಿ. ಅಂದಮ್ಯಾಲ ನನ್ನ ಅಡಗಿಯಾಗ ಏನೋ ಇದ್ದೀತು. ನಾ ಬೇಕಂತ ಹಾಕಿಲ್ರಿ. ಪುಂಡಿಸೊಪ್ಪಿನ ಸಂಗಾಟ ಯಾವುದರ ಕೆಟ್ಟ ಸೊಪ್ಪು ಬಂದಿತ್ತೇನೋ, ನನಗ ತಿಳೀಲಿಲ್ಲೇನೋ. ನನ್ನ ಕೈ ಉಣ್ಣೂದು ಇನ್ನ ಯಾರಿಗೂ ಬ್ಯಾಡ.”

ಬಸ್ಸು ಬಂತು. ಅವರು ಹತ್ತಿ ಹೋದರು. ನಾನು ಅಲ್ಲೇ ಕೂತೆ. ಊರು ಅವಳ ಮೇಲೆ ಅನುಮಾನ ಪಟ್ಟಿತು ಎಂಬುದಷ್ಟೇ ನನಗೆ ಗೊತ್ತಿತ್ತು. ಅವಳೇ ತನ್ನ ಮೇಲೆ ಅನುಮಾನ ಪಡುವಂತೆ ಮಾಡಿದ್ದೆನಲ್ಲ — ಇಷ್ಟು ವರ್ಷ ತನ್ನ ಕೈಗಳನ್ನು ತಾನೇ ಹೆದರಿ ನೋಡುವಂತೆ —

ಮರುದಿನ ಅವಳ ಕ್ಯಾಂಪಿಗೆ ಹೋದೆ. ಸಸಿಮಡಿಯಿಂದ ಅಗೆ ಕೀಳುತ್ತಿದ್ದವಳು ಬದುವಿಗೆ ಬಂದು ಕೂತಳು. ಏನನ್ನೂ ಬಿಡದೆ ಹೇಳಿದೆ. ನಳಿಕೆ, ಲೇಖನ, ಚಿತ್ರ, ಮದುವೆಯ ದಿನ, ಅಂಗಳ. ಕೈ ಮುಗಿಯಲು ಹೋದೆ. ಅವಳು ನೋಡಲಿಲ್ಲ. ನೀರಿನಲ್ಲಿ ಕೈಯ ಕೆಸರು ತೊಳೆದುಕೊಳ್ಳುತ್ತಿದ್ದಳು. ಕೆಸರು ಹೋದ ಮೇಲೂ ತೊಳೆಯುತ್ತಲೇ ಇದ್ದಳು.

“ನಾ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?” ಎಂದು ಕೇಳಿದಳು.

“ಗೊತ್ತಿತ್ತು.”

“ಹಂಗಾರ ಅಲ್ಲಿ ಹೋಗಿ ಹೇಳ್ರಿ. ನನಗ ಹೇಳಿದ್ರ ಏನಾತು?”

ಎದ್ದು ಗದ್ದೆಗೆ ಇಳಿದಳು. ತಿರುಗಿ ನೋಡಲಿಲ್ಲ.

ಗುರುಗುಂಟಾಕ್ಕೆ ಹೋದೆ. ಅದೇ ಅಂಗಳ. ಅಂದಿನ ಹಿರಿಯರಲ್ಲಿ ಬದುಕಿದ್ದವರನ್ನು ಕರೆಸಿದೆ. ಮುದುಕಿ ಅದೇ ಗೋಡೆಗೆ ಒರಗಿ ಕೂತಿದ್ದಳು; ಕಣ್ಣು ಮಂಜಾಗಿದ್ದವು. ನಾನು ಹೇಳಿ ಮುಗಿಸಿದ ಮೇಲೆ ಬೀರಪ್ಪ ಬೀಡಿ ಕೆಳಗಿಟ್ಟ.

“ಆವಾಗ ಒಂದು ಹೇಳಿದ್ರಿ, ಈಗ ಒಂದು ಹೇಳಾಕತ್ತೀರಿ. ಯಾವುದು ಖರೆ ಅಂತ ತಿಳಕೋಬೇಕ್ರಿ ನಾವು? ಆಕಿ ನಿಮ್ಮನ್ನ ಹ್ಯಾಂಗ ಒಲಿಸಿಕೊಂಡಾಳ?”

ನನ್ನ ಸುಳ್ಳನ್ನು ಒಂದು ಮಾತಿಗೆ ನಂಬಿದ ಜನ ನನ್ನ ಸತ್ಯವನ್ನು ಹತ್ತು ಮಾತಿಗೂ ನಂಬಲಿಲ್ಲ. ನಾನು ಅವಳ ಹೆಸರನ್ನು ಇನ್ನೊಮ್ಮೆ ಕೆಸರಿಗೆ ಎಳೆದಂತಾಯಿತು. ತಲೆ ತಗ್ಗಿಸಿದೆ. ಆಗ ಕಂಡದ್ದು ಬೀರಪ್ಪನ ಕಾಲು. ಮಡಚಿ ಕೂತಿದ್ದ. ಹಿಮ್ಮಡಿಯ ಮೇಲೆ ಅದೇ ಗಂಟು.

ನೋಡಿ ಎಂದು ತೋರಿಸಿದೆ. ಇದು ನಡೆದದ್ದಕ್ಕೆ ಬಂದದ್ದಲ್ಲ, ನಿನ್ನ ರಕ್ತದಲ್ಲೂ ಅದೇ ಇದೆ, ಲಿಂಗಸುಗೂರಿಗೆ ಹೋಗಿ ತೋರಿಸಿಕೋ ಅಂದೆ. ಅವನು ಕಾಲನ್ನು ಧೋತರದೊಳಗೆ ಎಳೆದುಕೊಂಡ. ಆದರೆ ಮುದುಕಿ ಗೋಡೆ ಬಿಟ್ಟು ಸರಿಯುತ್ತ ಬಂದಳು. ಮಗನ ಧೋತರ ಸರಿಸಿ ಗಂಟನ್ನು ಬೆರಳಿನಿಂದ ಮುಟ್ಟಿದಳು, ಒತ್ತಿದಳು, ಇನ್ನೊಂದು ಕಾಲನ್ನೂ ಮುಟ್ಟಿದಳು.

“ನಿಮ್ಮಪ್ಪನ ಕಾಲಾಗೂ ಇವ ಇದ್ದವು. ಮಾಳ್ಯಾನ ಕಾಲಾಗೂ. ನಾನ ಎಣ್ಣಿ ತಿಕ್ಕೀನಿ,” ಅಂದಳು. ಆಮೇಲೆ ಮೆಲ್ಲಗೆ, “ನಿಮ್ಮಪ್ಪನೂ ಉಂಡ ಮ್ಯಾಲ ಸತ್ತಿದ್ದ. ಅವತ್ತು ಬುತ್ತಿ ಕಟ್ಟಿದಾಕಿ ನಾ. ನಾನೂ ಮದ್ದು ಹಾಕಿದೆನೇನೋ?” ಎಂದಳು.

ಬೀರಪ್ಪ ಈ ಸಲ ಕಾಲು ಎಳೆದುಕೊಳ್ಳಲಿಲ್ಲ. ಹಿರಿಯರು ಎದ್ದು ಹೋದರು.

ಪಟ್ಟಣಕ್ಕೆ ಮರಳಿ ಮುಖ್ಯಸ್ಥರಿಗೆ ಹೇಳಿದೆ. ಅವರು ನಿವೃತ್ತಿಯ ಅಂಚಿನಲ್ಲಿದ್ದರು. ಹಳೆಯದು ಬಿಡು, ಒಂದು ಸಂಖ್ಯೆಯಿಂದ ತೀರ್ಮಾನವೇನೂ ಬದಲಾಗುವುದಿಲ್ಲ ಎಂದರು. ಬದಲಾಗುವುದಿಲ್ಲ, ನಿಜ. ಉಳಿದವರ ರಕ್ತ ತಿಳಿಯಾಗಿಯೇ ಇತ್ತು. ಅವನೊಬ್ಬನನ್ನು ಸೇರಿಸಿ ಬರೆದಿದ್ದರೂ ನನಗೆ ಚಪ್ಪಾಳೆ ಬೀಳುತ್ತಿತ್ತು — ಇದು ಹೊಳೆದ ದಿನ ನಾನು ಊಟ ಮಾಡಲಿಲ್ಲ. ತಿದ್ದುಪಡಿ ಬರೆದು ಕಳಿಸಿದೆ. ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಯಿತು. ಯಾರೂ ಏನೂ ಕೇಳಲಿಲ್ಲ. ಅಷ್ಟು ವರ್ಷ ನಾನು ಹೆದರಿದ್ದ ಪ್ರಶ್ನೆಯನ್ನು ಕೇಳುವವರೇ ಇರಲಿಲ್ಲ.

ಮುದುಕಿ ಬೀರಪ್ಪನ ಮಗನ ಕೈ ಹಿಡಿದು ಬಸ್ಸು ಹತ್ತಿ ಹುಲಿಗೆವ್ವನ ಕ್ಯಾಂಪಿಗೆ ಹೋದಳಂತೆ. ನೀ ಮಾಡಿ ಬಡಿಸಿದರೆ ಉಣ್ಣುತ್ತೇನೆ, ಇಲ್ಲದಿದ್ದರೆ ಹೀಗೇ ಕೂರುತ್ತೇನೆ ಎಂದು ಗುಡಿಸಲ ಮುಂದೆ ಕೂತಳಂತೆ. ಹುಲಿಗೆವ್ವ ಬಹಳ ಹೊತ್ತು ಒಳಗಿನಿಂದ ಬರಲಿಲ್ಲ. ಆಮೇಲೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತಂತೆ. ಗುರುಗುಂಟಾಕ್ಕೆ ಬಾ ಎಂದು ಕರೆದರೆ ಮಾತ್ರ ಬರುವುದಿಲ್ಲ ಅಂದಳು. ಬೀರಪ್ಪ ಕಳಿಸಿದ ಕುರಿಗಳನ್ನೂ ತಿರುಗಿ ಕಳಿಸಿದಳು.

ನಾನು ಕೊನೆಯ ಸಲ ಅವಳನ್ನು ಕಂಡದ್ದು ನಿಂಗವ್ವನಿಗಾಗಿ. ಅಪ್ಪನದು ಮಗಳಿಗೆ ಇಳಿದಿರಬಹುದು, ಇಳಿಯದೆಯೂ ಇರಬಹುದು. ರಕ್ತ ನೋಡಿದರೆ ತಿಳಿಯುತ್ತದೆ. ನಾನೇ ತೆಗೆದುಕೊಂಡು ಹೋಗಿ ನೋಡುತ್ತೇನೆ, ಏನು ಬಂದರೂ ಬಂದು ಹೇಳುತ್ತೇನೆ ಅಂದೆ. ಸೂಜಿಯ ಡಬ್ಬಿ ನನ್ನ ಚೀಲದಲ್ಲೇ ಇತ್ತು. ಹುಲಿಗೆವ್ವ ಮಗಳನ್ನು ಒಳಗೆ ಹೋಗು ಅಂದಳು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗಿದ್ದೆ, ಅಲ್ಲಿ ನೋಡಿದ್ದಾರೆ ಎಂದಳು.

“ಏನು ಬಂತವ್ವಾ?” ಎಂದು ಕೇಳಿದೆ.

“ಅದು ನಮಗ ಗೊತ್ತೈತಿ,” ಅಂದಳು. ಬಾಗಿಲು ಎಳೆದುಕೊಂಡಳು.

ನಿಂಗವ್ವನ ರಕ್ತದಲ್ಲಿ ಏನಿತ್ತು ಎಂಬುದು ನನಗೆ ಇವತ್ತಿಗೂ ತಿಳಿಯದು. ಮತ್ತೆ ಹೋಗಿ ಕೇಳಿಲ್ಲ.